ಕಲಬುರಗಿಯಲ್ಲಿ ಕೂತು ಮಂಗಳೂರಿನ ಸಮುದ್ರ ಮಟ್ಟ ನೋಡುವುದು ಹೇಗೆ? ಉಚಿತ ಅಳತೆ, ವಾಟ್ಸಾಪ್ ನಕ್ಷೆ, ಜೊತೆಗೆ ನಮ್ಮ ಭೀಮಾ

ಜೇವರ್ಗಿ_ರೋಡ್

ಎಲ್ಲರಿಗೂ ಶರಣು. ಮಗಳು, ಅಳಿಯ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಉಳ್ಳಾಲದ ಕಡೆ ಒಂದು ಮನೆ ನೋಡಿದ್ದಾರೆ. ಸಮುದ್ರಕ್ಕೆ ನಡೆದೇ ಹೋಗಬಹುದು. ಇನ್ನೇನು ಮುಂಗಡ ಕೊಡಬೇಕು ಅನ್ನುವಾಗ ಬೀಗರ ವಾಟ್ಸಾಪ್ ಗ್ರೂಪಿನಲ್ಲಿ ಒಂದು ನಕ್ಷೆ ಬಂತು. 2050ಕ್ಕೆ ಆ ಕಡೆಯೆಲ್ಲ ಕೆಂಪು, ಅಂದರೆ ನೀರಿನಡಿ. ಅದರ ಕೆಳಗೇ ಇನ್ನೊಬ್ಬರು ಬರೆದರು: ಸಮುದ್ರ ಏರುವುದು ವರ್ಷಕ್ಕೆ ಮೂರು ಮಿಲಿಮೀಟರ್ ಅಷ್ಟೇ, ಅದಕ್ಕೆಲ್ಲ ಯಾರಾದರೂ ಹೆದರುತ್ತಾರಾ ಎಂದು. ಎರಡೂ ಒಟ್ಟಿಗೆ ನಿಜ ಆಗುವುದು ಹೇಗೆ?

ನಾನು ಸರ್ವೆ ಕೆಲಸ ಮಾಡಿ ನಿವೃತ್ತನಾದವನು. ನೆಲದ ಎತ್ತರ ಅಳೆಯುವ ಡಂಪಿ ಲೆವೆಲ್ ಹೊರಿಸಿಕೊಂಡು ಅಫಜಲಪುರ, ಜೇವರ್ಗಿ, ಚಿತ್ತಾಪುರ ಸುತ್ತಿದ್ದೇನೆ. ಯಾರೋ ಬಣ್ಣ ಬಳಿದ ಚಿತ್ರ ನನಗೆ ತಿಳಿಯುವುದಿಲ್ಲ, ಅಳತೆ ಬರೆದಿಡುವ ಲೆವೆಲ್ ಬುಕ್ ತಿಳಿಯುತ್ತದೆ. ಸಮುದ್ರದ ಲೆವೆಲ್ ಬುಕ್ ಜನರಿಗೆ ಎಲ್ಲಾದರೂ ಸಿಗುತ್ತದಾ? ದುಡ್ಡು ಕೊಡದೆ?

ತೊಗರಿ_ಕಣಜ

ಕಾಕಾ, ನಾವು ಸಮುದ್ರಕ್ಕಿಂತ ನಾಲ್ಕು ನೂರು ಮೀಟರ್ ಮೇಲೆ ಕೂತಿದ್ದೇವೆ. ಇಲ್ಲಿ ತೊಗರಿಗೆ ನೆಟೆ ರೋಗ ಬಡಿದಿದೆ, ಕೇಳುವವರಿಲ್ಲ. ಸಮುದ್ರ ಏರಿದರೆ ಏರಲಿ ಬಿಡ್ರಿ, ನಮಗೆ ಸ್ವಲ್ಪ ಹತ್ತಿರ ಆಗುತ್ತದೆ.

ಬೀದರ್_ಭೂಗೋಳ

ತೊಗರಿ ಅಣ್ಣಾ, ಆ ನಾಲ್ಕು ನೂರು ಮೀಟರ್ ಎಲ್ಲಿಂದ ಅಳೆದದ್ದು? ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಬರೆದ ಎತ್ತರಕ್ಕೂ ಸೊನ್ನೆ ಸಮುದ್ರವೇ. 1909ರಲ್ಲಿ ಎತ್ತರ ಗುರುತಿಸುವ ದೇಶದ ಮೊದಲ ಲೆವೆಲ್ ಜಾಲವನ್ನು ಒಂಬತ್ತು ಕಡೆಯ ಸರಾಸರಿ ಸಮುದ್ರ ಮಟ್ಟಕ್ಕೆ ಕಟ್ಟಿದರು. ಕರಾಚಿ, ಮುಂಬೈಯ ಅಪೊಲೊ ಬಂದರ್, ನಮ್ಮ ಕಾರವಾರ, ಬೇಪೂರು, ಕೊಚ್ಚಿ, ನಾಗಪಟ್ಟಣ, ಚೆನ್ನೈ, ವಿಶಾಖಪಟ್ಟಣ, ಒಡಿಶಾದ ಫಾಲ್ಸ್ ಪಾಯಿಂಟ್. ನಮ್ಮ ಕಾಲುವೆ, ಸೇತುವೆ, ಬ್ಯಾರೇಜು ಎಲ್ಲದರ ಲೆವೆಲ್‌ಗೂ ಬುಡ ಅಲ್ಲಿದೆ. ಸಮುದ್ರ ನಮಗೆ ದೂರ ಇರಬಹುದು, ಆದರೆ ಸೊನ್ನೆಯನ್ನು ಅಲ್ಲಿಂದಲೇ ತಂದಿದ್ದೇವೆ.

ಜೇವರ್ಗಿ ಸರ್, ನೀವು ಕೇಳಿದ ಲೆವೆಲ್ ಬುಕ್ ಇದೆ. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಪಿಎಸ್‌ಎಂಎಸ್‌ಎಲ್ ಎಂಬ ಸಂಸ್ಥೆ 1933ರಿಂದ ಈ ಕೆಲಸ ಮಾಡುತ್ತಿದೆ. ಲೋಕದ ಬಂದರುಗಳಲ್ಲಿರುವ ಉಬ್ಬರ ಮಾಪಕಗಳ ತಿಂಗಳ ಸರಾಸರಿ, ವರ್ಷದ ಸರಾಸರಿ ಎಲ್ಲ ಅಲ್ಲಿ ಸಿಗುತ್ತವೆ. ಲಾಗಿನ್ ಕೂಡ ಬೇಡ. ಕಾರವಾರ ಇದೆ, ಮಂಗಳೂರಿನ ಪಣಂಬೂರು ಇದೆ. ಎರಡರ ದಾಖಲೆಯೂ 1970ರ ದಶಕದಿಂದ ಶುರು, ನಡುನಡುವೆ ಖಾಲಿ. ಉದ್ದದ ದಾಖಲೆ ಬೇಕೆಂದರೆ ಮುಂಬೈ ನೋಡಿ, 1878ರಿಂದ ಇದೆ.

ನಮ್ಮ ದೇಶದ್ದೇ ಬೇಕೆಂದರೆ ಇನ್‌ಕಾಯ್ಸ್. ಸಾಗರದ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಇದು, ಶುರುವಾದದ್ದು 1999ರಲ್ಲಿ. ಸುನಾಮಿ ಎಚ್ಚರಿಕೆ, ಅಲೆಯ ಮುನ್ಸೂಚನೆ, ಮೀನು ಎಲ್ಲಿ ಸಿಗಬಹುದು ಅನ್ನುವ ಸೂಚನೆ ಎಲ್ಲ ಅಲ್ಲಿಂದಲೇ ಹೋಗುತ್ತದೆ. ಎಲ್ಲಿದೆ ಗೊತ್ತಾ? ಹೈದರಾಬಾದಿನಲ್ಲಿ. ಉಳ್ಳಾಲದ ಮೀನುಗಾರನಿಗೆ ಸಮುದ್ರದ ಸುದ್ದಿ ಹೇಳುವ ಕಚೇರಿ ಬೀದರಿನಿಂದ ಬಸ್ಸಿನಲ್ಲಿ ಮೂರ್ನಾಲ್ಕು ಗಂಟೆಯ ದಾರಿ.

ಶಹಾಬಾದ್_ಹುಡುಗ

ಸರ್, ಈಗಷ್ಟೇ ಪಣಂಬೂರಿನ ತಿಂಗಳ ಫೈಲ್ ಇಳಿಸಿಕೊಂಡೆ. ಸುಮ್ನೆ ಟೆಕ್ಸ್ಟ್ ಫೈಲ್, ಎಕ್ಸೆಲ್‌ನಲ್ಲೇ ತೆರೆಯುತ್ತದೆ. ಎರಡು ಅನುಮಾನ. ಅಂಕಿಗಳೆಲ್ಲ 7000ದ ಆಸುಪಾಸಿನಲ್ಲಿವೆ, ಮಿಲಿಮೀಟರ್ ಅಂತ ಬರೆದಿದೆ. ಏಳು ಮೀಟರ್ ನೀರಾ? ಮತ್ತೆ ಗ್ರಾಫ್ ಹಾಕಿದರೆ ಅಲ್ಲಲ್ಲಿ ಪಾತಾಳಕ್ಕೆ ಇಳಿಯುತ್ತದೆ.

ಬೀದರ್_ಭೂಗೋಳ

ಪಾತಾಳ ಅಂದರೆ −99999 ಇರಬೇಕು. ಆ ತಿಂಗಳ ಅಳತೆ ಇಲ್ಲ ಎಂದು ಅರ್ಥ. ಆ ಸಾಲುಗಳನ್ನು ತೆಗೆದು ಗ್ರಾಫ್ ಹಾಕು. ವರ್ಷ ದಶಮಾಂಶದಲ್ಲಿರುತ್ತದೆ, .0417 ಅಂದರೆ ಜನವರಿಯ ನಡುಭಾಗ.

7000ದ ಕಥೆ ಬೇರೆ. ಪ್ರತಿ ಬಂದರಿನಲ್ಲೂ ಸರಾಸರಿ ಮಟ್ಟಕ್ಕಿಂತ ಸುಮಾರು ಏಳು ಮೀಟರ್ ಕೆಳಗೆ ಒಂದು ಗೆರೆ ಇದೆ ಎಂದು ಹಿಡಿದು ಅಲ್ಲಿಂದ ಎಣಿಸುತ್ತಾರೆ. ಯಾವ ತಿಂಗಳೂ ಮೈನಸ್ ಬರಬಾರದು ಅಂತ. ಆ ಗೆರೆಯನ್ನು ದಡದ ಮೇಲಿನ ಸ್ಥಿರ ಗುರುತಿಗೆ, ಅಂದರೆ ಬೆಂಚ್ ಮಾರ್ಕ್‌ಗೆ ಕಟ್ಟಿರುತ್ತಾರೆ. ಆದ್ದರಿಂದ ಮಾಪಕ ಬದಲಾದರೂ ಹಳೆಯ ಅಳತೆ, ಹೊಸ ಅಳತೆ ಒಂದೇ ಸಾಲಿಗೆ ಬರುತ್ತವೆ.

ಜೇವರ್ಗಿ_ರೋಡ್

ಇದು ನಮ್ಮ ಭಾಷೆ. ಹತ್ತಿರದಲ್ಲಿ ಬೆಂಚ್ ಮಾರ್ಕ್ ಸಿಗದಿದ್ದರೆ ಯಾವುದೋ ಕಟ್ಟೆಯ ಮೇಲೆ ಗುರುತು ಹಾಕಿ 100.000 ಎಂದು ಆರ್‌ಎಲ್ (ಆ ಗುರುತಿನ ಎತ್ತರ) ಹಿಡಿದು ಕೆಲಸ ಶುರು ಮಾಡುತ್ತಿದ್ದೆವು. ಅಂಕಿ ಮುಖ್ಯ ಅಲ್ಲ, ವ್ಯತ್ಯಾಸ ಮುಖ್ಯ. ತಮ್ಮಾ, ಮುಂದೆ ಹೋಗು.

ಶಹಾಬಾದ್_ಹುಡುಗ

ಕಾಕಾ, ವರ್ಷದ ಸರಾಸರಿ ತೆಗೆದುಕೊಂಡು ಏರಿಕೆಯ ದರ ಹೇಳುವ ಸ್ಲೋಪ್ ಫಂಕ್ಷನ್ ಹಾಕಿದೆ. ಮುಂಬೈ ಪೂರ್ತಿ ದಾಖಲೆಗೆ ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಬರುವುದಿಲ್ಲ. ಆಮೇಲೆ ಬಂಗಾಳದ ಡೈಮಂಡ್ ಹಾರ್ಬರ್ ನೋಡಿದೆ. ಅಲ್ಲಿ ಐದರ ಹತ್ತಿರ! ಒಂದೇ ದೇಶ, ಸಮುದ್ರ ಇಷ್ಟು ಬೇರೆ ಬೇರೆ ಏರುತ್ತದಾ?

ಬೀದರ್_ಭೂಗೋಳ

ಸಂಸತ್ತಿನಲ್ಲಿ ಸರ್ಕಾರ ಕೊಟ್ಟ ಅಂಕಿಗಳೂ ಹಾಗೇ ಇವೆ. ಡೈಮಂಡ್ ಹಾರ್ಬರ್ 1948ರಿಂದ 2005ರವರೆಗೆ ವರ್ಷಕ್ಕೆ 5.16 ಮಿ.ಮೀ. ಕೊಚ್ಚಿ 1939ರಿಂದ 1.30. ಚೆನ್ನೈ 1916ರಿಂದ ಬರೀ 0.33.

ಮಾಪಕ ನಿಂತಿರುವುದು ನೆಲದ ಮೇಲೆ. ಬಾವಿಯ ಕಟ್ಟೆ ಕುಸಿಯುತ್ತಿದ್ದರೆ ನೀರು ಮೇಲೆ ಬಂದ ಹಾಗೆ ಕಾಣುತ್ತದಲ್ಲ, ಅದೇ ಲೆಕ್ಕ. ಡೈಮಂಡ್ ಹಾರ್ಬರ್ ಹೂಗ್ಲಿಯ ಮೆಕ್ಕಲು ಮಣ್ಣಿನ ಮೇಲಿದೆ. ಅಲ್ಲಿ ನೀರೂ ಏರುತ್ತಿದೆ, ನೆಲವೂ ಇಳಿಯುತ್ತಿದೆ. ಮಾಪಕ ಎರಡನ್ನೂ ಕೂಡಿಸಿ ಒಂದೇ ಅಂಕಿ ಹೇಳುತ್ತದೆ. ಅಲ್ಲಿ ಮನೆ ಕಟ್ಟಿದವನಿಗೆ ಬೇಕಾದದ್ದೂ ಆ ಕೂಡಿದ ಅಂಕಿಯೇ.

ಸಮುದ್ರ ಒಂದನ್ನೇ ನೋಡಬೇಕೆಂದರೆ ಉಪಗ್ರಹ. 1992ರ ಟೋಪೆಕ್ಸ್–ಪೊಸೈಡನ್‌ನಿಂದ ಶುರು. ಆಮೇಲೆ ಜೇಸನ್ ಹೆಸರಿನವು ಮೂರು, 2020ರಲ್ಲಿ ಸೆಂಟಿನೆಲ್–6. ನಮ್ಮ ಇಸ್ರೋ ಫ್ರಾನ್ಸಿನ ಜೊತೆ ಸೇರಿ 2013ರಲ್ಲಿ ಸರಲ್ ಹಾರಿಸಿತು. ಇವು ಕೆಳಕ್ಕೆ ರಾಡಾರ್ ತರಂಗ ಕಳಿಸಿ, ಅದು ನೀರಿಗೆ ಬಡಿದು ವಾಪಸ್ ಬರುವ ಹೊತ್ತನ್ನು ಅಳೆಯುತ್ತವೆ. ಜೇಸನ್ ಇದ್ದದ್ದು 1336 ಕಿಲೋಮೀಟರ್ ಎತ್ತರದಲ್ಲಿ. ಹತ್ತು ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಹಾಯುತ್ತಿತ್ತು. ಒಂದು ಸಲದ ಅಳತೆಯಲ್ಲಿ ಕೆಲವು ಸೆಂಟಿಮೀಟರ್ ತಪ್ಪಿರುತ್ತದೆ. ಲಕ್ಷಗಟ್ಟಲೆ ಅಳತೆ ಸೇರಿದಾಗ ಮಿಲಿಮೀಟರಿನ ಮಾತು ಆಡಬಹುದು. ಲೋಕದ ಸರಾಸರಿ 1993ರಿಂದ ಸುಮಾರು ಹತ್ತು ಸೆಂಟಿಮೀಟರ್ ಏರಿದೆ. ಶುರುವಿನಲ್ಲಿ ವರ್ಷಕ್ಕೆ ಎರಡು ಮಿಲಿಮೀಟರ್ ಇದ್ದದ್ದು ಈಗ ನಾಲ್ಕೂವರೆಯ ಹತ್ತಿರ. ಉತ್ತರ ಹಿಂದೂ ಮಹಾಸಾಗರಕ್ಕೆ 1993ರಿಂದ 2015ರವರೆಗೆ 3.3 ಎಂದು ಲೆಕ್ಕ. ಬೀಗರ ಗ್ರೂಪಿನ ಮೂರು ಮಿಲಿಮೀಟರ್ ಬಂದಿರುವುದು ಇಲ್ಲಿಂದ. ಆದರೆ ವೇಗ ಏರುತ್ತಿದೆ ಅನ್ನುವುದನ್ನು ಅವರು ಬಿಟ್ಟಿದ್ದಾರೆ.

ತೊಗರಿ_ಕಣಜ

ಇಷ್ಟೆಲ್ಲ ಹೇಳಿದಿರಿ. ಮಂಗಳೂರಿಗೆ ಯಾವ ಅಂಕಿ ಸರಿ? ಒಂದು ಹೇಳಿರಿ, ಕಾಕಾ ಮುಂಗಡ ಕೊಡಬೇಕು.

ಶಹಾಬಾದ್_ಹುಡುಗ

ಪಣಂಬೂರಿನ ಫೈಲಿನಿಂದಲೇ ತೆಗೆದುಬಿಡಬಹುದಲ್ಲ ಅಣ್ಣಾ. ಗೆರೆ ಎಳೆದರೆ ಅಂಕಿ ಬಂದೇ ಬರುತ್ತದೆ.

ಬೀದರ್_ಭೂಗೋಳ

ಬರುತ್ತದೆ, ಅದೇ ಭಯ. ಸಮುದ್ರಕ್ಕೆ ತನ್ನದೇ ಏರಿಳಿತ ಇದೆ. ಮಾನ್ಸೂನ್ ಗಾಳಿ ಒಂದೊಂದು ವರ್ಷ ಒಂದೊಂದು ರೀತಿ. ಚಂದ್ರನ ಕಕ್ಷೆಗೆ 18.6 ವರ್ಷದ ಒಂದು ಸುತ್ತು ಬೇರೆ. ಆದ್ದರಿಂದ ಐವತ್ತು ಅರವತ್ತು ವರ್ಷದ ದಾಖಲೆ ಇಲ್ಲದೆ ಒಂದೇ ಮಾಪಕದಿಂದ ಏರಿಕೆಯ ದರ ಹೇಳಬಾರದು ಎಂಬ ಮಾತಿದೆ. ಖಾಲಿ ಇರುವ ದಾಖಲೆಗೆ ಇನ್ನೂ ಜಾಸ್ತಿ ಎಚ್ಚರ ಬೇಕು. ಶುರುವಿನ ವರ್ಷವನ್ನು ಐದು ವರ್ಷ ಆಚೆ ಈಚೆ ಮಾಡಿ ನೋಡು. ಗೆರೆಯ ಓಟವೇ ಬದಲಾದರೆ ಆ ಅಂಕಿಯನ್ನು ಯಾರಿಗೂ ಹೇಳಬೇಡ.

ಶಹಾಬಾದ್_ಹುಡುಗ

ಉಪಗ್ರಹದ ಡೇಟಾನೇ ಮಂಗಳೂರಿನ ಮೇಲೆ ತೆಗೆದರೆ? ಯುರೋಪಿನ ಕೋಪರ್ನಿಕಸ್ ಮರೀನ್‌ನಲ್ಲಿ ದಿನದಿನದ ನಕ್ಷೆ ಉಚಿತ, ಹೆಸರು ನೋಂದಾಯಿಸಿದರೆ ಸಾಕು. ಪೈಥಾನ್‌ನಲ್ಲಿ ಹತ್ತು ಸಾಲು.

ಬೀದರ್_ಭೂಗೋಳ

ತೆಗೆಯಬಹುದು. ಆದರೆ ಆ ನಕ್ಷೆಯ ಒಂದೊಂದು ಚೌಕವೂ ಹತ್ತಿಪ್ಪತ್ತು ಕಿಲೋಮೀಟರ್ ಅಗಲ. ದಡದ ಹತ್ತಿರ ಬಂದಾಗ ರಾಡಾರಿನ ಪ್ರತಿಧ್ವನಿಯಲ್ಲಿ ನೆಲವೂ ಕಲೆಯುತ್ತದೆ, ಅಳತೆ ಕೆಡುತ್ತದೆ. ಹೊರಗಿನ ಅರಬ್ಬಿ ಸಮುದ್ರ ಎತ್ತ ಹೋಗುತ್ತಿದೆ ಎಂದು ಹೇಳುತ್ತದೆ. ಉಳ್ಳಾಲದ ಕೊನೆಯ ಬೀದಿಯ ಮಾತು ಅದಕ್ಕೆ ಗೊತ್ತಿಲ್ಲ.

ಕುಮಟೆಯವಳು_ಕಲಬುರಗಿಯಲ್ಲಿ

ಬಹಳ ದಿನದಿಂದ ಓದಿ ಸುಮ್ಮನಿರುತ್ತಿದ್ದೆ, ಈಗ ಬರೆಯಲೇಬೇಕು. ಬ್ಯಾಂಕಿನ ವರ್ಗಾವಣೆ ನನ್ನನ್ನು ಇಲ್ಲಿಗೆ ತಂದಿದೆ, ತವರು ಅಘನಾಶಿನಿ ದಂಡೆ. ನೀವೆಲ್ಲ ವರ್ಷದ ಸರಾಸರಿ ಹಿಡಿದು ಕೂತಿದ್ದೀರಿ. ನಮ್ಮ ಕಡೆ ಸಮುದ್ರ ಉಕ್ಕುವುದು ಆಷಾಢ, ಶ್ರಾವಣದಲ್ಲಿ. ಅಮಾವಾಸ್ಯೆಯ ಭರತಕ್ಕೆ (ಉಬ್ಬರಕ್ಕೆ) ಗಾಳಿಯೂ ಸೇರಿದರೆ ಗದ್ದೆಯ ಒಡ್ಡು ಒಡೆಯುತ್ತದೆ. ಆ ತಿಂಗಳುಗಳನ್ನು ಮಾತ್ರ ತೆಗೆದು ನೋಡಿ, ಆಗ ಗೊತ್ತಾಗುತ್ತದೆ.

ಶಹಾಬಾದ್_ಹುಡುಗ

ಅಕ್ಕಾ, ಈಗಲೇ ನೋಡಿದೆ. ವಿಚಿತ್ರ ಆಗಿದೆ. ಕಾರವಾರ, ಪಣಂಬೂರು ಎರಡರಲ್ಲೂ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಸಮುದ್ರ ವರ್ಷದಲ್ಲೇ ಕೆಳಗಿದೆ. ಜಾಸ್ತಿ ಇರುವುದು ಡಿಸೆಂಬರ್, ಜನವರಿಯಲ್ಲಿ!

ಕುಮಟೆಯವಳು_ಕಲಬುರಗಿಯಲ್ಲಿ

ಸಾಧ್ಯವೇ ಇಲ್ಲ. ಮಳೆಗಾಲದಲ್ಲಿ ನಮ್ಮ ಮನೆ ಹಿತ್ತಲಿಗೆ ಬಂದ ನೀರು ಏನು ಹಾಗಾದರೆ?

ಬೀದರ್_ಭೂಗೋಳ

ಮೇಡಂ, ನಿಮ್ಮ ಹಿತ್ತಲೂ ನಿಜ, ಹುಡುಗನ ಫೈಲೂ ನಿಜ. ಈ ಎಳೆಯಲ್ಲಿ ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು.

ಮಾನ್ಸೂನ್ ಗಾಳಿ ಬೀಸುವಾಗ ನಮ್ಮ ಪಶ್ಚಿಮ ಕರಾವಳಿಯ ಉದ್ದಕ್ಕೂ ನೀರು ದಕ್ಷಿಣಕ್ಕೆ ಹರಿಯುತ್ತದೆ. ದಡದ ಪಕ್ಕದ ಮೇಲ್ನೀರು ಆಚೆ ಸರಿದು, ಆ ಜಾಗಕ್ಕೆ ತಳದ ತಣ್ಣನೆಯ ನೀರು ಏಳುತ್ತದೆ. ತಣ್ಣನೆಯ ನೀರು ಭಾರ, ಗಾತ್ರ ಕಡಿಮೆ. ಹಾಗಾಗಿ ದಡದಲ್ಲಿ ಸರಾಸರಿ ಮಟ್ಟ ಇಳಿಯುತ್ತದೆ. ಚಳಿಗಾಲದಲ್ಲಿ ಹರಿವು ತಿರುಗಿ ಉತ್ತರಕ್ಕೆ ಹೋಗುತ್ತದೆ, ಮಟ್ಟ ಏರುತ್ತದೆ. ಎರಡರ ನಡುವಿನ ಅಂತರ ಗೇಣಿನ ಲೆಕ್ಕದಲ್ಲಿ. ಮೂವತ್ತು ವರ್ಷದ ಏರಿಕೆಗಿಂತ ಒಂದೇ ವರ್ಷದ ಈ ಏರಿಳಿತ ದೊಡ್ಡದು. ಮಳೆ ನಿಂತ ಮೇಲೆ ನಿಮ್ಮಲ್ಲಿ ತಾರ್ಲೆ, ಬಂಗಡೆ ರಾಶಿ ಬೀಳುವುದಕ್ಕೂ ತಳದಿಂದ ಎದ್ದ ಆ ನೀರೇ ಕಾರಣ. ಮೀನಿನ ಆಹಾರ ಅದರಲ್ಲಿರುತ್ತದೆ.

ಹಾಗಾದರೆ ಹಿತ್ತಲಿಗೆ ಬಂದದ್ದು? ಅಲೆ, ಭರತ, ಜೊತೆಗೆ ಹೊಳೆಯ ನೆರೆ. ತಿಂಗಳ ಸರಾಸರಿಯಲ್ಲಿ ಅಲೆಯ ಸುಳಿವೇ ಇರುವುದಿಲ್ಲ. ಎರಡು ಗಂಟೆ ಬಂದು ಹೋದ ನೀರು ತಿಂಗಳ ಲೆಕ್ಕದಲ್ಲಿ ಕರಗಿಹೋಗುತ್ತದೆ. ಅದನ್ನು ಹಿಡಿಯಬೇಕಾದರೆ ಗಂಟೆಗಂಟೆಯ ಡೇಟಾ ಬೇಕು. ಹವಾಯಿ ವಿಶ್ವವಿದ್ಯಾಲಯದ ಸಮುದ್ರ ಮಟ್ಟ ಕೇಂದ್ರದಲ್ಲಿ ಕೆಲವು ಭಾರತೀಯ ಬಂದರುಗಳದ್ದು ಸಿಗುತ್ತದೆ. ಯುನೆಸ್ಕೋದ ಸಾಗರ ಆಯೋಗದ ತಾಣದಲ್ಲಿ ಲೋಕದ ಮಾಪಕಗಳ ನೇರ ರೀಡಿಂಗ್ ಓಡುತ್ತಿರುತ್ತದೆ. ಆದರೆ ಅದು ಸೋಸದ ಡೇಟಾ. ದೋಣಿ ತಾಗಿದರೂ, ಬ್ಯಾಟರಿ ಹೋದರೂ ಗ್ರಾಫ್ ಜಿಗಿಯುತ್ತದೆ. ಸುನಾಮಿ ಬಂತು ಅಂತ ಸ್ಕ್ರೀನ್‌ಶಾಟ್ ಹಾಕಬೇಡಿ.

ಕುಮಟೆಯವಳು_ಕಲಬುರಗಿಯಲ್ಲಿ

ತಾರ್ಲೆಯ ಮಾತು ಒಪ್ಪಿದೆ. ಇನ್ನೊಂದು ಸೇರಿಸುತ್ತೇನೆ. ಮಳೆ, ಗಾಳಿ ಏನೂ ಇಲ್ಲದ ಶಾಂತ ದಿನವೂ ಒಮ್ಮೊಮ್ಮೆ ಸಮುದ್ರ ಒಳಗೆ ನುಗ್ಗುತ್ತದೆ. ಕೇರಳದವರು ಅದಕ್ಕೆ ಕಳ್ಳಕ್ಕಡಲ್ ಅನ್ನುತ್ತಾರೆ, ಕಳ್ಳನ ಹಾಗೆ ಬರುತ್ತದೆ ಅಂತ. ದಕ್ಷಿಣದ ಸಾಗರದಲ್ಲಿ ಎಲ್ಲೋ ಎದ್ದ ಬಿರುಗಾಳಿಯ ಅಲೆ ಸಾವಿರಾರು ಕಿಲೋಮೀಟರ್ ನಡೆದು ಬಂದಿರುತ್ತದೆ. ಇನ್‌ಕಾಯ್ಸ್ ಈಗ ಅದಕ್ಕೆ ಮೊದಲೇ ಎಚ್ಚರಿಕೆ ಕೊಡುತ್ತದೆ. ಜೇವರ್ಗಿ ಕಾಕಾ, ಮನೆ ತೆಗೆದುಕೊಂಡರೂ ಬಿಟ್ಟರೂ ಮಗಳ ಫೋನಿಗೆ ಆ ಎಚ್ಚರಿಕೆ ಬರುವ ಹಾಗೆ ಮಾಡಿ.

ಮತ್ತೆ ಕರಾವಳಿ ಅಂದರೆ ಮನೆ ಒಂದೇ ಅಲ್ಲ. ನಮ್ಮ ಗಜನಿ ಗದ್ದೆಯಲ್ಲಿ ಉಪ್ಪು ನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. ಒಡ್ಡು ಒಡೆದರೆ ಕಗ್ಗವೂ ತಡೆಯುವುದಿಲ್ಲ. ಮೊದಲು ಕೆಡುವುದು ಬಾವಿಯ ನೀರು. ಆ ಮನೆಯ ಬಾವಿ ನೀರನ್ನು ಏಪ್ರಿಲ್, ಮೇ ತಿಂಗಳಲ್ಲಿ ಕುಡಿದು ನೋಡಿ.

ಜೇವರ್ಗಿ_ರೋಡ್

ಬರೆದುಕೊಂಡೆ ಮೇಡಂ. ನಕ್ಷೆಯ ಮಾತು ಇನ್ನೂ ಉಳಿದಿದೆ. ಮೂವತ್ತು ವರ್ಷಕ್ಕೆ ಹತ್ತು, ಹದಿನೈದು ಸೆಂಟಿಮೀಟರ್ ಅಂತ ನಿಮ್ಮ ಲೆಕ್ಕ. ಅಷ್ಟಕ್ಕೆ ಆ ಕಡೆಯೆಲ್ಲ ಕೆಂಪು ಹೇಗೆ ಆಗುತ್ತದೆ?

ಬೀದರ್_ಭೂಗೋಳ

ಅಂಥ ನಕ್ಷೆಗಳು ಸಾಮಾನ್ಯವಾಗಿ ಬರೀ ಏರಿಕೆಯನ್ನು ತೋರಿಸುವುದಿಲ್ಲ. ಏರಿಕೆಯ ಮೇಲೆ ಭರತ, ಅದರ ಮೇಲೆ ವರ್ಷಕ್ಕೊಮ್ಮೆ ಬರುವ ದೊಡ್ಡ ನೆರೆ ಎಲ್ಲ ಕೂಡಿಸಿ ಬಣ್ಣ ಹಾಕುತ್ತವೆ. ಕೆಂಪು ಅಂದರೆ ಶಾಶ್ವತವಾಗಿ ಮುಳುಗಿತು ಎಂದಲ್ಲ, ವರ್ಷಕ್ಕೊಮ್ಮೆ ನೀರು ಮುಟ್ಟಬಹುದು ಎಂದು. ನಡುವೆ ತಡೆಗೋಡೆ ಇದೆಯೋ, ದಿಬ್ಬ ಇದೆಯೋ ಎಂದು ಹಲವು ನಕ್ಷೆಗಳು ಕೇಳುವುದೇ ಇಲ್ಲ. ಆ ಎತ್ತರಕ್ಕಿಂತ ತಗ್ಗಿದ್ದರೆ ಬಣ್ಣ, ಅಷ್ಟೇ. ಈ ವಿವರಣೆ ಮೂಲ ತಾಣದಲ್ಲಿ ಇರುತ್ತದೆ, ವಾಟ್ಸಾಪಿಗೆ ಬರುವಾಗ ಉದುರಿಹೋಗುತ್ತದೆ. 2021ರಲ್ಲೂ ಹಾಗೇ ಆಯಿತು. ನಾಸಾದ ಮುನ್ನೋಟದ ತಾಣ ಬಂದಾಗ ಹನ್ನೆರಡು ಊರು ಮೂರು ಅಡಿ ಮುಳುಗುತ್ತವೆ ಎಂದು ಸುದ್ದಿ ಹಬ್ಬಿತು. ಮಂಗಳೂರಿಗೆ ಅದರಲ್ಲಿದ್ದದ್ದು 2100ಕ್ಕೆ ಎರಡು ಅಡಿಗಿಂತ ಸ್ವಲ್ಪ ಕಡಿಮೆ.

ಇದಕ್ಕಿಂತ ದೊಡ್ಡ ತೊಂದರೆ ನೆಲದ ಎತ್ತರದ್ದು. ಉಚಿತವಾಗಿ ಸಿಗುವ ಎತ್ತರದ ನಕ್ಷೆಗಳಲ್ಲಿ ಬಹಳ ಬಳಕೆಯಾದದ್ದು ಎಸ್‌ಆರ್‌ಟಿಎಂ. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ಹನ್ನೊಂದು ದಿನದಲ್ಲಿ ಅಳೆದದ್ದು. ಅದು ತೆಂಗಿನ ತಲೆಯನ್ನೂ, ತಾರಸಿಯನ್ನೂ ನೆಲ ಎಂದು ಓದಿಬಿಡುತ್ತದೆ. ಕರಾವಳಿಯಲ್ಲಿ ತೆಂಗು ಎಷ್ಟಿದೆ ಯೋಚಿಸಿ. ಹಾಗಾಗಿ ನೆಲ ಇರುವುದಕ್ಕಿಂತ ಎತ್ತರ ಕಾಣುತ್ತದೆ, ಅಪಾಯ ಕಡಿಮೆ ಕಾಣುತ್ತದೆ. 2019ರಲ್ಲಿ ಕ್ಲೈಮೇಟ್ ಸೆಂಟ್ರಲ್‌ನವರು ಇದನ್ನು ತಿದ್ದಿ ಲೆಕ್ಕ ಹಾಕಿದರು. ಲೋಕದಲ್ಲಿ ಭರತದ ಗೆರೆಗಿಂತ ತಗ್ಗಿನಲ್ಲಿ ಈಗಲೇ ಬದುಕುವವರು ಹಳೆಯ ಅಳತೆಯಲ್ಲಿ 2.8 ಕೋಟಿ ಇದ್ದರು. ತಿದ್ದಿದ ಮೇಲೆ 11 ಕೋಟಿ ಆದರು. ಸಮುದ್ರ ಅಷ್ಟೇ, ಜನ ಅಷ್ಟೇ.

ಜೇವರ್ಗಿ_ರೋಡ್

ನಾವು ಒಂದು ಕಿಲೋಮೀಟರ್ ಲೆವೆಲ್ ಓಡಿಸಿ ವಾಪಸ್ ಬಂದು ಕ್ಲೋಸ್ ಮಾಡಿದಾಗ ಒಂದೆರಡು ಸೆಂಟಿಮೀಟರ್ ಹೋದರೆ ಸಾಹೇಬರು ಮತ್ತೆ ಮಾಡಿಸುತ್ತಿದ್ದರು. ಇಲ್ಲಿ ನೆಲವೇ ಮೀಟರ್‌ಗಟ್ಟಲೆ ತಪ್ಪು, ಅದರ ಮೇಲೆ ಅರ್ಧ ಮೀಟರಿನ ಸಮುದ್ರ ಹರಿಸಿ ಬಣ್ಣ ಹಾಕುತ್ತಾರೆ ಅಂದರೆ ಏನು ಹೇಳಲಿ.

ತೊಗರಿ_ಕಣಜ

ಅಂದರೆ ಹೆದರಿಸಿದ ನಕ್ಷೆ ಸುಳ್ಳು. ಮುಂಗಡ ಕೊಟ್ಟುಬಿಡ್ರಿ.

ಬೀದರ್_ಭೂಗೋಳ

ಅಣ್ಣಾ, ಎರಡೂ ದಿಕ್ಕಿಗೆ ತಪ್ಪಬಹುದು ಎಂದೆ. ಇರುವುದಕ್ಕಿಂತ ಕಡಿಮೆ ತೋರಿಸಿರಲೂಬಹುದು. ಸ್ವಲ್ಪ ಏರಿಕೆಯನ್ನು ಹಗುರವಾಗಿ ನೋಡಬೇಡಿ. ನೂರು ವರ್ಷಕ್ಕೊಮ್ಮೆ ಬರುತ್ತಿದ್ದ ಎತ್ತರದ ನೀರು ಈ ಶತಮಾನದ ಕೊನೆಗೆ ಹಲವು ಕಡೆ ವರ್ಷಕ್ಕೊಮ್ಮೆ ಬರಬಹುದು ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2021ರ ವರದಿ ಹೇಳುತ್ತದೆ. ಚಂಡಮಾರುತ ಬಂದಾಗ ಗಾಳಿಯ ಒತ್ತಡ ಒಂದು ಮಿಲಿಬಾರ್ ಇಳಿದರೆ ಸಮುದ್ರ ಒಂದು ಸೆಂಟಿಮೀಟರ್ ಏಳುತ್ತದೆ, ಅಲೆ ಬೇರೆ. 2021ರ ಮೇ ತಿಂಗಳ ತೌಕ್ತೆ ನಮ್ಮ ಕರಾವಳಿಯಲ್ಲಿ ದಡ ಹತ್ತದೆ ಪಕ್ಕದಲ್ಲಿ ಹಾದುಹೋಗಿಯೂ ಉಳ್ಳಾಲ, ಉಡುಪಿಯ ಕಡೆ ಮಾಡಿದ್ದು ನೆನಪಿದೆಯಲ್ಲ.

ಯಾದಗಿರಿ_ಹೊಳೆದಂಡೆ

ಇಷ್ಟು ಹೊತ್ತು ಸಮುದ್ರ ಸಮುದ್ರ ಅಂತಿದ್ದೀರಿ, ಒಮ್ಮೆ ಭೀಮಾ ಕಡೆ ಬರ್ರಿ. ಕೇಂದ್ರ ಜಲ ಆಯೋಗದ ತಾಣದಲ್ಲಿ ಯಾದಗಿರಿಯ ಹೊಳೆಯ ಮಟ್ಟ ಮೀಟರಿನಲ್ಲಿ ಕೊಡುತ್ತಾರೆ. ನಮ್ಮ ಊರಲ್ಲಿ ಯಾರೂ ಆ ಮೀಟರ್ ನೋಡುವುದಿಲ್ಲ. ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ಎಷ್ಟು ಬಿಟ್ಟರು, ಸೊನ್ನ ಬ್ಯಾರೇಜಿನಿಂದ ಎಷ್ಟು ಬಿಟ್ಟರು, ಗಾಣಗಾಪುರದ ಸೇತುವೆ ಮುಳುಗಿತಾ, ಇಷ್ಟೇ ಕೇಳುತ್ತೇವೆ. ಸೇತುವೆ ಮುಳುಗಿತು ಅಂದರೆ ಮೋಟಾರು ಬಿಚ್ಚಿ ಮೇಲೆ ತರುತ್ತೇವೆ. ಆ ಮೀಟರಿನ ಸೊನ್ನೆಯೂ ಕಾರವಾರದ ಸಮುದ್ರವೇ ಏನು?

ಬೀದರ್_ಭೂಗೋಳ

ಅದೇ ಲೆವೆಲ್ ಜಾಲದ ಸೊನ್ನೆ, ಅಣ್ಣಾ.

ಶಹಾಬಾದ್_ಹುಡುಗ

ಹೊಳೆದಂಡೆ ಅಣ್ಣಾ, ನಿಮ್ಮಿಂದ ಒಂದು ಸಹಾಯ ಬೇಕು. ಸೆಂಟಿನೆಲ್–1 ಅಂತ ಯುರೋಪಿನ ರಾಡಾರ್ ಉಪಗ್ರಹ ಇದೆ, ಮೋಡ ಇದ್ದರೂ ಕೆಳಗೆ ನೋಡುತ್ತದೆ. ನಿಂತ ನೀರು ಅದರಲ್ಲಿ ಕಪ್ಪಗೆ ಕಾಣುತ್ತದೆ. 2020ರ ಅಕ್ಟೋಬರ್ ನೆರೆಯ ಚಿತ್ರ ಬ್ರೌಸರಿನಲ್ಲೇ ತೆರೆದಿದ್ದೇನೆ. ಅಫಜಲಪುರದಿಂದ ನಿಮ್ಮ ಊರಿನವರೆಗೂ ಹೊಳೆ ಉಬ್ಬಿರುವುದು ಕಾಣುತ್ತದೆ. ಎಷ್ಟು ಸರಿ ಇದೆ ಎಂದು ಕಣ್ಣಾರೆ ಕಂಡವರು ಹೇಳಬೇಕು.

ಯಾದಗಿರಿ_ಹೊಳೆದಂಡೆ

ಚಿತ್ರ ನೋಡಿದೆ ತಮ್ಮಾ. ಹೊಳೆಪಕ್ಕದ ಹೊಲ ಸರಿ ಇದೆ, ನೀರು ಅಲ್ಲಿಯವರೆಗೂ ಬಂದಿತ್ತು. ಆದರೆ ನಮ್ಮ ಕಬ್ಬಿನ ಹೊಲ ಒಣಗಿರುವ ಹಾಗೆ ತೋರಿಸುತ್ತಿದೆ. ಎದೆಮಟ್ಟ ನೀರಿತ್ತು ಅಲ್ಲಿ.

ಬೀದರ್_ಭೂಗೋಳ

ಕಬ್ಬು ನೀರಿನ ಮೇಲೆ ನಿಂತಿದೆಯಲ್ಲ, ರಾಡಾರ್ ಎಲೆ ಮತ್ತು ದಂಟಿಗೆ ಬಡಿದು ವಾಪಸ್ ಹೋಗುತ್ತದೆ. ಆದ್ದರಿಂದ ಕಪ್ಪಾಗುವುದಿಲ್ಲ. ಇನ್ನು ಡಾಂಬರ್ ರಸ್ತೆ, ನುಣುಪಾದ ಬಯಲು ಒಣಗಿದ್ದರೂ ಕಪ್ಪಗೆ ಕಾಣಬಹುದು. ಈ ಕಬ್ಬಿನ ಹೊಲದ ಮಾತನ್ನು ನಮ್ಮ ವಿದ್ಯಾರ್ಥಿಗಳಿಗೆ ಹೇಳುತ್ತೇನೆ.

ಜೇವರ್ಗಿ ಸರ್, ನನ್ನ ಅಭಿಪ್ರಾಯ ಕೇಳಿದರೆ, ಉಪಗ್ರಹ ಚಿತ್ರ ಓದುವುದನ್ನು ನಮ್ಮವರು ಭೀಮಾ ಮೇಲೆ ಕಲಿಯಬೇಕು. ಯಾವ ಹೊಲ ಮುಳುಗಿತು ಎಂದು ನಮಗೇ ಗೊತ್ತು, ಚಿತ್ರ ಎಲ್ಲಿ ಸುಳ್ಳು ಹೇಳುತ್ತದೆ ಎಂದು ತಕ್ಷಣ ತಿಳಿಯುತ್ತದೆ. ಆ ಕಣ್ಣು ಹೊತ್ತು ಕರಾವಳಿಗೆ ಹೋಗಬೇಕು. ಅಲ್ಲಿ ಇನ್ನೂ ಕಷ್ಟ. ಭೀಮಾ ನೆರೆ ದಿನಗಟ್ಟಲೆ ನಿಲ್ಲುತ್ತದೆ, ಉಪಗ್ರಹಕ್ಕೆ ಸಿಗುತ್ತದೆ. ಭರತದ ನೀರು ಎರಡು ಗಂಟೆಯಲ್ಲಿ ಇಳಿದುಹೋಗುತ್ತದೆ. ಉಪಗ್ರಹ ಬರುವ ಹೊತ್ತಿಗೆ ಒದ್ದೆ ಮರಳು ಮಾತ್ರ.

2022ರ ಕೊನೆಗೆ ಹಾರಿದ ಸ್ವಾಟ್ ಎಂಬ ಉಪಗ್ರಹ ಸಮುದ್ರದ ಜೊತೆ ನೂರು ಮೀಟರಿಗಿಂತ ಅಗಲದ ಹೊಳೆಗಳ ಮಟ್ಟವನ್ನೂ ಅಳೆಯುತ್ತದೆ. ಅದರ ಡೇಟಾ ಕೂಡ ಉಚಿತ. ಅಗಲವಾಗಿ ಹರಿಯುವ ಕಡೆ ನಮ್ಮ ಭೀಮಾಕ್ಕೂ ಸಿಗಬೇಕು. ಹುಡುಗಾ, ಇದು ನಿನ್ನ ಮುಂದಿನ ಕೆಲಸ.

ತೊಗರಿ_ಕಣಜ

2020ರ ಆ ನೆರೆಯಲ್ಲಿ ನನ್ನ ಎರಡು ಎಕರೆ ತೊಗರಿ ಹೋಯಿತು. ಅದಕ್ಕೂ ಸಮುದ್ರಕ್ಕೂ ಏನಾದರೂ ಸಂಬಂಧ ಇದೆ ಎಂದು ಮಾತ್ರ ಹೇಳಬೇಡಿ.

ಬೀದರ್_ಭೂಗೋಳ

ಇದೆ ಅಣ್ಣಾ, ಕ್ಷಮಿಸಬೇಕು. ಆ ಸಲ ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತ ಅಕ್ಟೋಬರ್ 13ರಂದು ಕಾಕಿನಾಡದ ಹತ್ತಿರ ದಡ ಹತ್ತಿತು. ಹೈದರಾಬಾದನ್ನು ಮುಳುಗಿಸಿ, ನಮ್ಮ ಮೇಲೆ ಹಾದು, ಮಹಾರಾಷ್ಟ್ರ ದಾಟಿ ಅರಬ್ಬಿ ಸಮುದ್ರಕ್ಕೆ ಹೋಯಿತು. ಇದು ಸಮುದ್ರ ಮಟ್ಟ ಏರಿದ್ದರಿಂದ ಆದದ್ದಲ್ಲ. ಆದರೆ ಸಮುದ್ರ ಬಿಸಿಯಾದರೆ ನೀರು ಹಿಗ್ಗಿ ಮಟ್ಟವೂ ಏರುತ್ತದೆ, ಆವಿಯೂ ಜಾಸ್ತಿ ಏಳುತ್ತದೆ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದ್ದು ಇದನ್ನೇ. 1950ರಿಂದ 2015ರ ನಡುವೆ ಮಧ್ಯ ಭಾರತದಲ್ಲಿ ದೊಡ್ಡ ಪ್ರದೇಶಕ್ಕೆ ಒಮ್ಮೆಲೇ ಬೀಳುವ ಅತಿ ಮಳೆ ಮೂರು ಪಟ್ಟಾಗಿದೆ. ಅದಕ್ಕೆ ತೇವ ಬರುವುದು ಅರಬ್ಬಿ ಸಮುದ್ರದಿಂದ.

ಲೆಕ್ಕ ಆ ಕಡೆಯಿಂದಲೂ ಇದೆ. ಭೀಮಾ ಕೃಷ್ಣೆಗೆ ಸೇರಿ ಹಂಸಲದೀವಿಯ ಹತ್ತಿರ ಸಮುದ್ರ ಮುಟ್ಟುತ್ತದೆ. ಮೊದಲು ನಮ್ಮ ಹೊಲದ ಮಣ್ಣು ಹೋಗಿ ಅಲ್ಲಿಯ ಮುಖಜ ಭೂಮಿಯನ್ನು ಕಟ್ಟುತ್ತಿತ್ತು. ಈಗ ಆ ಹೂಳಿನ ಬಹುಪಾಲು ಅಣೆಕಟ್ಟುಗಳ ಹಿಂದೆ ನಿಂತಿದೆ. ಮಣ್ಣು ಬರದ ನೆಲ ಮೆಲ್ಲಗೆ ಕುಸಿಯುತ್ತದೆ, ಅಲ್ಲಿಯವರಿಗೆ ಸಮುದ್ರ ಬೇಗ ಏರಿದಂತೆ ಆಗುತ್ತದೆ.

ತೊಗರಿ_ಕಣಜ

ನಮ್ಮ ಮಣ್ಣಿಗೂ ಲೆಕ್ಕ ಬಂತು. ಆಯಿತು, ಓದುತ್ತೇನೆ.

ನಿರ್ವಾಹಕ

ಉಳ್ಳಾಲದ ಸೈಟಿನ ದರ, ಏಜೆಂಟರ ನಂಬರ್ ಹಾಕಿದ್ದ ಎರಡು ಉತ್ತರ ತೆಗೆದಿದ್ದೇವೆ. ಅದು ಬೇರೆ ಎಳೆಗೆ.

ಕುಮಟೆಯವಳು_ಕಲಬುರಗಿಯಲ್ಲಿ

ಬ್ಯಾಂಕಿನವಳಾಗಿ ಒಂದು ಮಾತು. ಸಾಲಕ್ಕೆ ಕಾಗದ ತರುವಾಗ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಕ್ಷೆ ಕೇಳಿ. ಭರತದ ಗೆರೆಯಿಂದ 500 ಮೀಟರ್ ಒಳಗಿನ ನೆಲಕ್ಕೆ ಆ ನಿಯಮ ಬರುತ್ತದೆ. 2019ರ ಅಧಿಸೂಚನೆಯ ಪ್ರಕಾರ ಹಳ್ಳಿಯ ಕಡೆ ಜನ ದಟ್ಟವಾಗಿದ್ದರೆ 50 ಮೀಟರ್, ಇಲ್ಲದಿದ್ದರೆ 200 ಮೀಟರ್‌ವರೆಗೆ ಹೊಸ ಕಟ್ಟಡ ಇಲ್ಲ. ಊರಿನೊಳಗೆ ನಿಯಮ ಬೇರೆ. ಮತ್ತೆ ಉಳ್ಳಾಲದಲ್ಲಿ ಜನ ಮನೆ ಕಳೆದುಕೊಂಡದ್ದು ಕಡಲ್ಕೊರೆತದಿಂದ. ಅಳಿವೆ ಬಾಯಿಯ ತಡೆಗೋಡೆ, ಮರಳಿನ ಓಡಾಟ, ಕಲ್ಲು ಹಾಕಿದ ಗೋಡೆ, ಇವೆಲ್ಲ ಆ ಕಥೆಯಲ್ಲಿ ಬರುತ್ತವೆ. ಮಟ್ಟದ ಗ್ರಾಫ್ ಅದನ್ನು ಹೇಳುವುದಿಲ್ಲ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರ ಹಿಂದೆ ಹಿಂದೆ ಸರಿಸಿ ನೋಡಿ. ದಡ ಎಲ್ಲಿತ್ತು, ಎಲ್ಲಿಗೆ ಬಂದಿದೆ ಎಂದು ಕಾಣುತ್ತದೆ.

ಜೇವರ್ಗಿ_ರೋಡ್

ನೋಡಿದೆ ಮೇಡಂ. ನೋಡಿ ಅಳಿಯನಿಗೂ ಕಳಿಸಿದೆ. ಇಷ್ಟು ದಿನ ನನ್ನ ಅನುಮಾನಕ್ಕೆ ನಗುತ್ತಿದ್ದ, ಈಗ ಆ ನಗು ಸ್ವಲ್ಪ ಕಡಿಮೆಯಾಗಿದೆ.

ನಾನೇ ಹೋಗುವುದು ಎಂದು ನಿರ್ಧಾರ ಮಾಡಿದ್ದೇನೆ. ಹತ್ತಿರದ ಜಿಟಿಎಸ್ (ದೇಶದ ಹಳೆಯ ಮಹಾ ಸರ್ವೆಯ) ಬೆಂಚ್ ಮಾರ್ಕ್ ಹುಡುಕುತ್ತೇನೆ, ರೈಲು ನಿಲ್ದಾಣ, ಹಳೆಯ ಸರ್ಕಾರಿ ಕಟ್ಟಡಗಳಲ್ಲಿ ಸಿಗಬಹುದು. ಅಲ್ಲಿಂದ ಆಟೋ ಲೆವೆಲ್ ಉಪಕರಣದಿಂದ ಲೆವೆಲ್ ಓಡಿಸಿ ಆ ಮನೆಯ ಪ್ಲಿಂತ್‌ವರೆಗೆ, ಮುಂದೆ ದಡದವರೆಗೆ ಆರ್‌ಎಲ್ ತೆಗೆಯುತ್ತೇನೆ. ಹುಣ್ಣಿಮೆ ಭರತದ ದಿನ ನೀರು ಎಲ್ಲಿಗೆ ಬಂತು ಎಂದು ಗುರುತು ಹಾಕಿ ಅದಕ್ಕೂ ರೀಡಿಂಗ್. ಉಪಗ್ರಹಕ್ಕಿಂತ ನನ್ನ ಸ್ಟಾಫ್, ಅಂದರೆ ಅಳತೆ ಕೋಲಿನ ಮೇಲೆ ನನಗೆ ನಂಬಿಕೆ.

ಬೀದರ್_ಭೂಗೋಳ

ಸರ್, ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಎರಡು ಎಚ್ಚರ ಮಾತ್ರ. ಉಬ್ಬರದ ಪಟ್ಟಿಯಲ್ಲಿ ಕೊಡುವ ಎತ್ತರದ ಸೊನ್ನೆ ಬೇರೆ. ಅದು ಚಾರ್ಟ್ ಡೇಟಮ್, ಇಳಿತದ ನೀರಿನ ಹತ್ತಿರದ ಗೆರೆ. ಮಂಗಳೂರಿನಲ್ಲಿ ಸರಾಸರಿ ಮಟ್ಟ ಅದಕ್ಕಿಂತ ಸುಮಾರು ಒಂದು ಮೀಟರ್ ಮೇಲಿದೆ. ಪಟ್ಟಿಯಲ್ಲಿ 1.5 ಎಂದಿದ್ದರೆ ನಿಮ್ಮ ಆರ್‌ಎಲ್ ಲೆಕ್ಕದಲ್ಲಿ ಅರ್ಧ ಮೀಟರ್ ಹತ್ತಿರ. ಎರಡನ್ನೂ ಕಲಸಿದರೆ ಮನೆ ಸುಮ್ನೆ ಮುಳುಗುತ್ತದೆ ಅಥವಾ ಸುಮ್ನೆ ತೇಲುತ್ತದೆ. ಇನ್ನೊಂದು, ಬೆಂಚ್ ಮಾರ್ಕ್‌ನ ಸೊನ್ನೆ ನೂರು ವರ್ಷಕ್ಕಿಂತ ಹಳೆಯ ಸಮುದ್ರದ್ದು. ಈಗಿನ ಸರಾಸರಿ ಅದಕ್ಕಿಂತ ಮೇಲೆ ಬಂದಿದೆ. ನೀವು ಹಾಕುವ ಭರತದ ಗುರುತು ಅದಕ್ಕೇ ಬೆಲೆಯುಳ್ಳದ್ದು. ಅದು ಇವತ್ತಿನ ನೀರು.

ಕುಮಟೆಯವಳು_ಕಲಬುರಗಿಯಲ್ಲಿ

ಒಮ್ಮೆ ಡಿಸೆಂಬರ್, ಜನವರಿಯಲ್ಲಿ ಹೋಗಿ, ಸರಾಸರಿ ಜಾಸ್ತಿ ಇರುವ ತಿಂಗಳು. ಇನ್ನೊಮ್ಮೆ ಜೂನ್, ಜುಲೈಯಲ್ಲಿ ಹೋಗಿ ಅಲೆ ನೋಡಿ. ಅಷ್ಟು ಕಾಯಲು ಮಾರುವವರು ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ಶಹಾಬಾದ್_ಹುಡುಗ

ಕಾಕಾ, ಸ್ಟಾಫ್ ಹಿಡಿಯಲು ಒಬ್ಬರು ಬೇಕಲ್ಲ. ನಾನು ಬರಲಾ? ಸಮುದ್ರ ಇನ್ನೂ ನೋಡಿಲ್ಲ.

ಜೇವರ್ಗಿ_ರೋಡ್

ಬಾ ತಮ್ಮಾ. ಸ್ಟಾಫ್ ಅಲ್ಲಾಡದ ಹಾಗೆ ನೆಟ್ಟಗೆ ಹಿಡಿಯಬೇಕು, ಮೊದಲು ನಮ್ಮ ಮನೆ ಹಿಂದಿನ ಬಯಲಲ್ಲಿ ಕಲಿಸುತ್ತೇನೆ. ಮಂಗಳೂರಿನಲ್ಲಿ ಆಟೋ ಲೆವೆಲ್ ಬಾಡಿಗೆಗೆ ಎಲ್ಲಿ ಸಿಗುತ್ತದೆ, ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಟ್ರೈಪಾಡ್ ನಮ್ಮಲ್ಲೇ ಇದೆ.